ಬಾಣಂತಿಯ ಅಳತೆ

“ಮಗು ಎಷ್ಟು ತಿಂಗಳದ್ದು ಅಮ್ಮಾ?”

ಡಾಕ್ಟರ್ ಪ್ರಣೀತಾ ಕೇಳಿದ್ದು ಇಷ್ಟೇ, ಅದೂ ತುಂಬ ಪ್ರೀತಿಯಿಂದ. ಠಾಣೆ ಸ್ಟೇಷನ್ನಿನಿಂದ ವರ್ತಕ ನಗರದ ಕಡೆ ಹೋಗುವ ರಸ್ತೆಯಲ್ಲಿದ್ದ ಆ ಸ್ಕ್ಯಾನ್ ಸೆಂಟರಿನ ಒಳಕೋಣೆಯಲ್ಲಿ ಮಾನಮ್ಮ ಆಗಷ್ಟೇ ಮೆಶೀನಿನ ಹಲಗೆಯಿಂದ ಇಳಿದು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ತಲೆ ಅಲುಗದಂತೆ ಪಟ್ಟಿ ಬಿಗಿಯುವಾಗ ಆಯಾ ನೋಡಿದ್ದಳು, ರವಿಕೆಯ ಎರಡೂ ಕಡೆ ಒದ್ದೆ. ಹಾಲು. ಹೋಗಿ ಡಾಕ್ಟರಿಗೆ ಹೇಳಿದ್ದಳು.

ಜೊತೆಗೆ ಬಂದಿದ್ದ ಪಕ್ಕದ ಮನೆಯ ಮರಗಮ್ಮ ಗೋಡೆಗೆ ಒರಗಿ ನಿಂತಿದ್ದಳು. ಅವಳು ಮಾತೆತ್ತುವಷ್ಟರಲ್ಲಿ ಮಾನಮ್ಮ, ಹೆಂಗಸರನ್ನು ‘ಬಾಯಿ’ ಎನ್ನುವ ಮುಂಬಯಿ ರೂಢಿಯಲ್ಲಿ, ಹೇಳಿಬಿಟ್ಟಳು.

“ಎರಡ್ ತಿಂಗ್ಳದ್ದು, ಬಾಯಿ.”

“ಗಂಡಾ, ಹೆಣ್ಣಾ?”

“ಹೆಣ್ಣು.”

“ಎಲ್ಲಿ ಬಿಟ್ಟು ಬಂದ್ರಿ?”

“ಮನ್ಯಾಗ. ನಮ್ಮಕ್ಕನ ಮಗಳು ನೋಡ್ಕಂತಾಳ.”

ಮರಗಮ್ಮ ಜೋರಾಗಿ ಕೆಮ್ಮಿದಳು. ಯಾಕೆಂದರೆ ಮಗುವೂ ಇರಲಿಲ್ಲ, ಅದನ್ನು ನೋಡಿಕೊಳ್ಳುವ ಅಕ್ಕನ ಮಗಳೂ ಇರಲಿಲ್ಲ. ಮಾನಮ್ಮ ಹುಟ್ಟಿದ್ದೇ ಗಂಡಾಗಿ. ರಾಯಚೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಯಂಕಣ್ಣ ಎಂಬ ಹೆಸರಿನಿಂದ ಬೆಳೆದು, ಮೀಸೆ ಮೂಡುವ ವಯಸ್ಸಿನಲ್ಲಿ ಮೈಮೇಲೆ ಹುಲಿಗೆಮ್ಮ ಬಂದಳೆಂದು ಮನೆಯವರೇ ಕರೆದುಕೊಂಡು ಹೋಗಿ ಕೊರಳಿಗೆ ಮುತ್ತು ಕಟ್ಟಿಸಿ, ಸೀರೆ ಉಡಿಸಿದ್ದರು. ಅಂಥವರಿಗೆ ಊರ ಕಡೆ ಜೋಗಪ್ಪ ಎನ್ನುತ್ತಾರೆ. ಠಾಕುರ್ಲಿಯ ಹಳೇ ಪವರ್ ಹೌಸಿನ ಹಿಂದೆ, ಈಗ ಅವಳಿದ್ದ ಚಾಳಿನಲ್ಲಿ ಮಾತ್ರ ಅವಳು ಜೋಗವ್ವ. ಮಂಗಳವಾರ, ಶುಕ್ರವಾರ ತಲೆಯ ಮೇಲೆ ದೇವಿಯ ಮೂರ್ತಿಯಿದ್ದ ಬುಟ್ಟಿ, ಅಂದರೆ ಜಗ, ಹೊತ್ತು, ಒಂದೇ ತಂತಿಯ ಚೌಡಿಕೆ ಬಾರಿಸುತ್ತ ಕಲಬುರಗಿ, ರಾಯಚೂರು ಕಡೆಯ ಹಮಾಲರ ಮನೆಗಳ ಮುಂದೆ ನಿಲ್ಲುತ್ತಿದ್ದಳು. ಅವಳು ಹುಟ್ಟಿದ್ದು ಹೇಗೆಂದು ಅಲ್ಲಿ ಎಲ್ಲರಿಗೂ ಗೊತ್ತು. ಯಾರೂ ಅದನ್ನು ಬಾಯಿಗೆ ತರುತ್ತಿರಲಿಲ್ಲ.

ಈಚಿನ ಎರಡು ವರ್ಷದಲ್ಲಿ ಅವಳ ಮೈ ಬೇರೆಯೇ ಆಗುತ್ತ ಬಂದಿತ್ತು. ಗಡ್ಡ ಬರುವುದು ನಿಂತಿತು. ಎದೆ ತುಂಬಿತು. ಆಮೇಲೆ ಒಂದು ಶುಕ್ರವಾರ, ಪೂಜೆಗೆ ಕೂತಿದ್ದಾಗ, ಹಾಲು ಇಳಿಯಿತು. ಮಾನಮ್ಮ ಜಗದ ಮುಂದೆ ಬಿದ್ದು ಅತ್ತಿದ್ದಳು, ಸಂತೋಷಕ್ಕೆ. ಅದರ ಜೊತೆಗೇ ಬಂದ ತಲೆನೋವೊಂದು ಮಾತ್ರ ತನ್ನದು, ಮಿಕ್ಕದ್ದೆಲ್ಲ ಅಮ್ಮ ಕೊಟ್ಟದ್ದು ಎಂದು ಅವಳು ತಿಳಿದಿದ್ದಳು. ಆ ತಲೆನೋವಿಗೇ ಕಲ್ಯಾಣದ ಸರಕಾರಿ ಡಾಕ್ಟರು ಸ್ಕ್ಯಾನ್ ಮಾಡಿಸಿಕೊಂಡು ಬಾ ಎಂದಿದ್ದು. ಬರೀ ತಲೆಯ ಫೋಟೋ ತಾನೇ. ಮೂಗುತಿ, ಬೆಂಡೋಲೆ ಬಿಚ್ಚಿಸಿದ್ದರೇ ಹೊರತು ಬೇರೇನನ್ನೂ ಯಾರೂ ಬಿಚ್ಚಿಸಲಿಲ್ಲ, ಕೇಳಲೂ ಇಲ್ಲ.

ಪ್ರಣೀತಾ ಹುಟ್ಟಿ ಬೆಳೆದದ್ದು ಡೊಂಬಿವಲಿಯಲ್ಲಿ. ಅಪ್ಪ ಅಮ್ಮ ಉಡುಪಿಯವರು. ಮನೆಯಲ್ಲಿ ತುಳು, ಹೊರಗೆ ಮರಾಠಿ. ಕನ್ನಡ ಮಾತಾಡಲು ಯಾರಾದರೂ ಸಿಕ್ಕಿದರೆ ಅವಳಿಗೆ ಅದೊಂದು ಹಬ್ಬ. ಇನ್ನೊಬ್ಬರಿಗಾದರೆ ರಿಪೋರ್ಟನ್ನು ಕೌಂಟರಿನಿಂದಲೇ ಕಳಿಸಿಬಿಡುತ್ತಿದ್ದಳು. ಇವರಿಬ್ಬರನ್ನು ಒಳಗೇ ಕೂರಿಸಿ, ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ಪೆನ್ನಿನ ತುದಿಯಿಂದ ತೋರಿಸತೊಡಗಿದಳು.

“ಇಲ್ಲಿ ನೋಡಿ. ಮೂಗಿನ ಹಿಂದೆ, ಮೆದುಳಿನ ಅಡಿಗೆ ಒಂದು ಸಣ್ಣ ಗುಳಿ ಉಂಟು. ಅದರೊಳಗೆ ಕಡಲೆ ಕಾಳಿನಷ್ಟು ಒಂದು ಗ್ರಂಥಿ. ಹೆದರ್ಬೇಡಿ ಹಾಂ, ಇದು ಎಲ್ಲರಿಗೂ ಇರ್ತದೆ. ಮೈ ಯಾವಾಗ ಬೆಳೀಬೇಕು, ಹಾಲು ಯಾವಾಗ ಬರ್ಬೇಕು, ಎಲ್ಲ ಇದೇ ಆರ್ಡರ್ ಕೊಡೋದು. ಸೇಠ್ ಅಂತ ತಿಳ್ಕೊಳ್ಳಿ.”

“ಇಷ್ಟ್ ಸಣ್ಣದು ಸೇಠ್?” ಮರಗಮ್ಮ ಕೇಳಿದಳು.

“ಅದೇ ಮಜಾ. ಮತ್ತೆ ಎಲ್ಲರಿಗೂ ಒಂದೇ ಸೈಜ್ ಇಲ್ಲ. ಸಣ್ಣ ಮಕ್ಕಳಿಗೆ ಚಪ್ಪಟೆ. ಹುಡುಗಿ ದೊಡ್ಡವಳಾಗುವಾಗ ಪೂರಿ ಥರ ಉಬ್ಬಿ ಮೇಲೆ ಬರ್ತದೆ. ಗಂಡಸರಿಗೆ ಅಷ್ಟು ಉಬ್ಬೋದಿಲ್ಲ. ಬಸುರಿ, ಬಾಣಂತಿಯರಿಗೆ ಎಲ್ಲರಿಗಿಂತ ದೊಡ್ಡದು. ವಯಸ್ಸಾದ ಹಾಗೆ ಒಣಗಿ ಮತ್ತೆ ಸಣ್ಣ. ಹಾಗಾಗಿ ನಾವು ಇದರ ಅಳತೆ ತೆಗೆದ್ರೆ ಸಾಕಾಗೋದಿಲ್ಲ. ಯಾರದ್ದು ಅಂತ ಗೊತ್ತಿರ್ಬೇಕು. ಗಂಡಾ ಹೆಣ್ಣಾ, ವಯಸ್ಸೆಷ್ಟು, ಹೆರಿಗೆ ಆಗಿದ್ಯಾ.”

ಮಾನಮ್ಮ ಫಿಲ್ಮಿನ ಬಿಳಿ ಚುಕ್ಕೆಯನ್ನೇ ನೋಡುತ್ತಿದ್ದಳು. “ನಂದು ಹೆಂಗೈತಿ ಬಾಯಿ?”

“ನಿಮ್ಮದು ದೊಡ್ಡದೇ ಉಂಟು. ಬೇರೆ ಯಾರದ್ದಾದ್ರೂ ಆಗಿದ್ರೆ ನನಗೆ ತಲೆಬಿಸಿ ಆಗ್ತಿತ್ತು. ಬಾಣಂತಿ ಅಲ್ವಾ ನೀವು, ಇಷ್ಟು ಇರ್ತದೆ. ಹಾಲು ಬಿಡಿಸಿದ ಮೇಲೆ ತಾನೇ ಇಳೀತದೆ. ಆರು ತಿಂಗಳು ಬಿಟ್ಟು ಮಗೂನ್ನೂ ಕರ್ಕೊಂಡು ಒಮ್ಮೆ ಬನ್ನಿ, ನೋಡುವಾ.”

ಮರಗಮ್ಮ ಇನ್ನೊಂದು ಸಲ ಕೆಮ್ಮಿದಳು.

“ಇವರಿಗೆ ಎಂತ ಕೆಮ್ಮು? ಒಂದು ಎಕ್ಸ್‌ರೇ ತೆಗೀಬೇಕಾ?” ಎಂದಳು ಪ್ರಣೀತಾ.

ಕಲ್ಯಾಣ ಲೋಕಲಿನ ಹೆಂಗಸರ ಡಬ್ಬಿಯಲ್ಲಿ ಮಧ್ಯಾಹ್ನ ರಶ್ಶಿರಲಿಲ್ಲ. ಮೀನು ಬುಟ್ಟಿಯ ಬಾಯಿಯೊಬ್ಬಳು ಜರುಗಿ ಜಾಗ ಕೊಟ್ಟಳು. ರೈಲು ಮುಂಬ್ರಾದ ಖಾಡಿಯ ಹಿನ್ನೀರು ದಾಟಿತು. ಆಮೇಲೆ ಮರಗಮ್ಮ ಶುರುಮಾಡಿದಳು.

“ಯಾಕ ಸುಳ್ಳ ಹೇಳಿದಿ?”

“ಯಾವ್ದು?”

“ಯಾವ್ದು ಅಂತಿ! ಎರಡ ತಿಂಗಳ ಕೂಸು, ಅದೂ ಹೆಣ್ಣು. ಹೆಸರೊಂದು ಇಟ್ಟಿಲ್ಲ ನೋಡು.”

“ಕೇಳಿದ್ರ ಅದ್ನೂ ಹೇಳ್ತಿದ್ನಿ.” ಮಾನಮ್ಮ ಕಿಟಕಿಯ ಸರಳು ಹಿಡಿದು ನಗುತ್ತಿದ್ದಳು. ಆಮೇಲೆ ನಗು ನಿಲ್ಲಿಸಿದಳು. “ಆಕಿ ಹೆಂಗ ಕೇಳಿದ್ಲು ನೋಡಿದೇನು ಯಕ್ಕಾ? ಮಗು ಐತೇನು ಅಂತ ಕೇಳ್ಲಿಲ್ಲ. ಎಷ್ಟ್ ತಿಂಗಳದ್ದು ಅಂತ ಕೇಳಿದ್ಲು. ನನ್ ಮಾರಿ ನೋಡಿ ಆಕಿಗೆ ಒಂದೀಟೂ ಅನುಮಾನ ಬರ್ಲಿಲ್ಲ. ನನ್ನ ಯಾರ್ ಹಂಗ ಕೇಳ್ಯಾರ ಹೇಳು ಇಷ್ಟ್ ವರ್ಷದಾಗ? ಇಲ್ಲ ಅಂತ ಹೇಳಾಕ ಬಾಯಿ ಬರ್ಲಿಲ್ಲ.”

“ಗಂಡಸರ ಅಳತಿ ಬ್ಯಾರೆ, ಹೆಂಗಸರದ್ದ ಬ್ಯಾರೆ ಅಂದಳಲ್ಲ ಆಕಿ?”

“ಅಂದ್ರ? ನಾ ಗಂಡಸೇನು?”

ಹದಿನಾಲ್ಕು ವರ್ಷ ತನಗೆ ಕುಂಕುಮ ಹಚ್ಚಿದವಳಿಗೆ ಮರಗಮ್ಮ ಹೌದು ಎಂದು ಹೇಗೆ ಹೇಳುವುದು? ದಿವಾ ಬಂತು, ಡೊಂಬಿವಲಿ ಬಂತು. ಠಾಕುರ್ಲಿಯಲ್ಲಿ ಇಳಿಯುವಾಗ ಮಾನಮ್ಮ ಫಿಲ್ಮಿನ ಲಕೋಟೆಯನ್ನು ಎದೆಗೆ ಅವಚಿಕೊಂಡಿದ್ದಳು, ಕೂಸನ್ನು ಹಿಡಿದ ಹಾಗೆಯೇ.

ಅವತ್ತು ಸಂಜೆ ನಲ್ಲಿಯ ಹತ್ತಿರ ದೊಡ್ಡ ಸಭೆಯೇ ಸೇರಿತು. ಮಾನಮ್ಮ ಡಾಕ್ಟರ ಮಾತನ್ನು ತನ್ನ ಮಾತಿಗೆ ತಿರುಗಿಸಿ ಹೇಳಿದಳು. ತಲೆಯೊಳಗೆ ಒಂದು ಕಡಲೆ ಕಾಳು, ಹೆಂಗಸರದ್ದು ದೊಡ್ಡದು, ಗಂಡಸರದ್ದು ಸಣ್ಣದು, ತಾಯಂದಿರದ್ದು ಎಲ್ಲಕ್ಕೂ ದೊಡ್ಡದು. ತನ್ನದು ತಾಯಂದಿರ ಅಳತೆಯದು ಎಂದು ಫೋಟೋದಲ್ಲೇ ಬಂದಿದೆ.

“ನಿಮ್ದು ಸಣ್ಣದಂತ ನೋಡ್ರಿ,” ಮರಗಮ್ಮ ಗಂಡನಿಗೆ ಚುಚ್ಚಿದಳು. ಅವಳ ಗಂಡ ಸೈದಪ್ಪ ಕಲ್ಯಾಣದ ಮಾರ್ಕೆಟ್ಟಿನಲ್ಲಿ ಈರುಳ್ಳಿ ಮೂಟೆ ಹೊರುವವನು, ಅದೇ ತಾನೇ ಬಂದು ಕಾಲು ತೊಳೆಯುತ್ತಿದ್ದ.

“ಸಣ್ಣದಿದ್ರೇ ಚಲೋ,” ಎಂದ ಸೈದಪ್ಪ. “ದೊಡ್ಡದಿದ್ರ ಅದರ ಮ್ಯಾಲೂ ಒಂದ ಚೀಲ ಹೇರ್ತಿದ್ದ ಸೇಠ.”

ಎಲ್ಲರೂ ನಕ್ಕರು. ಮರಗಮ್ಮನೂ ನಕ್ಕಳು. ರೈಲಿನಲ್ಲಿ ಹತ್ತಿದ ಅಳುಕು ಆ ನಗುವಿನಲ್ಲಿ ಎಲ್ಲೋ ಸರಿದುಹೋಯಿತು. ನಾರ್ಮಲ್ ಎಂದು ಡಾಕ್ಟರೇ ಹೇಳಿದ ಮೇಲೆ ಇನ್ನೇನು ಎಂದು ಅವಳೂ ಸುಮ್ಮನಾದಳು.

ಹಾಲಿನ ಸುದ್ದಿ ಚಾಳು ದಾಟಿತು. ಶುಕ್ರವಾರ ಎಳೆಗೂಸು ಎತ್ತಿಕೊಂಡ ಹೆಂಗಸರು ಬರತೊಡಗಿದರು. ಎದೆಹಾಲು ಸಾಲದವರು, ಕೂಸು ರಾತ್ರಿ ಬೆಚ್ಚಿ ಅಳುತ್ತದೆ ಎನ್ನುವವರು, ಒಂದು ಕಳೆದುಕೊಂಡು ಎರಡನೆಯದನ್ನು ಭಯದಲ್ಲಿ ಸಾಕುತ್ತಿರುವವರು. ಮಾನಮ್ಮ ಬೆರಳಿಗೆ ಒಂದು ಹನಿ ತೆಗೆದುಕೊಂಡು ಕೂಸಿನ ತುಟಿಗೆ ಮುಟ್ಟಿಸಿ, ಹಣೆಗೆ ದೇವಿಯ ಅರಿಶಿನ, ಭಂಡಾರ, ಹಚ್ಚುತ್ತಿದ್ದಳು. ಕೂಸುಗಳು ಅವಳ ಬೆರಳನ್ನು ಬಿಡದೆ ಚೀಪುತ್ತಿದ್ದವು. ಆಗ ಅವಳ ಮುಖ ನೋಡಿದವರು ತಲೆನೋವಿನ ಬಗ್ಗೆ ಕೇಳುವುದನ್ನೇ ಮರೆಯುತ್ತಿದ್ದರು. ತಲೆನೋವೇನೂ ಹೋಗಿರಲಿಲ್ಲ. ಹಣೆಗೆ ಬಟ್ಟೆ ಬಿಗಿದುಕೊಂಡು, ಕಲ್ಯಾಣದ ಡಾಕ್ಟರು ರಿಪೋರ್ಟು ನೋಡಿ ಬರೆದುಕೊಟ್ಟ ನೋವಿನ ಗುಳಿಗೆ ನುಂಗಿಕೊಂಡು ನಡೆಸಿದ್ದಳು.

ಆರು ತಿಂಗಳು ಕಳೆದಾಗ ಮರಗಮ್ಮ ನೆನಪಿಸಿದಳು. “ಠಾಣಾಕ ಹೋಗಬೇಕಲ್ಲ?”

“ಹೋದ್ರ ಕೂಸು ಎಲ್ಲಿ ಅಂತಾಳ ಯಕ್ಕಾ. ಯಾರ ಕೂಸು ಒಯ್ಲಿ?”

“ಬ್ಯಾರೆ ಕಡಿ ತೋರಸೋಣು.”

“ಬ್ಯಾರೆ ಕಡೆ ಮತ್ತ ಅದ್ನೇ ಕೇಳ್ತಾರ. ಇರ್ಲಿ ಬಿಡು, ಹುಣ್ಣಿಮಿ ದಾಟ್ಲಿ.”

ಹುಣ್ಣಿಮೆ ದಾಟಿತು. ಇನ್ನೊಂದು ಹುಣ್ಣಿಮೆಯೂ ದಾಟಿತು. ಹೇಳಿದ ಸುಳ್ಳು ಸಣ್ಣದೇ, ಆದರೆ ಆ ಬಾಗಿಲಿಗೆ ಮತ್ತೆ ಹೋಗದ ಹಾಗೆ ಅಡ್ಡ ಕೂತಿತ್ತು.

ಕಣ್ಣಿನ ತೊಂದರೆಯನ್ನು ಮೊದಲು ಗುರುತಿಸಿದವನು ಸೈದಪ್ಪ. ಕಲ್ಯಾಣ ಸ್ಟೇಷನ್ನಿನ ಹೊರಗೆ ಜಗ ಹೊತ್ತು ಬರುತ್ತಿದ್ದ ಮಾನಮ್ಮನ ಪಕ್ಕದಲ್ಲೇ ನಿಂತು ಎರಡು ಸಲ ಕರೆದನಂತೆ, ಅವಳು ಆಚೆ ಈಚೆ ಹುಡುಕಿ, ಪೂರಾ ತಿರುಗಿ ನಿಂತ ಮೇಲೆಯೇ ಅವನನ್ನು ಕಂಡದ್ದು. ಮನೆಗೆ ಬಂದು ಹೇಳಿದ: “ಟಾಂಗಾದ ಕುದುರಿಗೆ ಕಣ್ಣಿನ ಬಾಜೂಕ ಪಟ್ಟಿ ಕಟ್ಟಿರ್ತಾರಲ್ಲ, ಹಂಗ ಆಗ್ಯಾಳ ನಮ್ಮ ಜೋಗವ್ವ. ಎದುರಿಂದು ಕಾಣ್ತದ. ಬಾಜೂದ್ದು ಕಾಣಂಗಿಲ್ಲ.”

ಆಮೇಲೆ ಮರಗಮ್ಮನೂ ನೋಡತೊಡಗಿದಳು. ಬಾಗಿಲ ಚೌಕಟ್ಟಿಗೆ ಭುಜ ತಾಗುವುದು, ಪಕ್ಕದಿಂದ ಚಾಚಿದ ಚಹದ ಕಪ್ಪಿಗೆ ಕೈ ಹೊಡೆದು ಚೆಲ್ಲುವುದು, ಓಣಿಯಲ್ಲಿ ಸೈಕಲ್ಲಿನವನು ಬೈದು ಹೋಗುವುದು. ಕೇಳಿದರೆ ಮಾನಮ್ಮನ ಬಳಿ ಒಂದೊಂದಕ್ಕೂ ಒಂದೊಂದು ಉತ್ತರವಿತ್ತು. ಓಣಿ ಸಣ್ಣದು. ಸೈಕಲ್ಲಿನವನು ಕುಡಿದಿದ್ದ. ಕಪ್ಪು ತಾನೇ ಜಾರಿತು.

“ಕಣ್ಣ ಹೋಗ್ಲಾಕತ್ಯಾವ ಮಾನವ್ವ,” ಮರಗಮ್ಮ ಒಂದು ದಿನ ನೇರವಾಗಿ ಹೇಳಿದಳು. “ಆ ಡಾಕ್ಟರಗ ಖರೇ ಹೇಳು. ಕೈ ಮುಗಿತೀನಿ.”

“ಏನಂತ ಹೇಳ್ಲಿ?”

“ಇದ್ದದ್ದ ಹೇಳು.”

“ಇದ್ದದ್ದು ಹೇಳಿದ್ರ ಈ ಹಾಲು ರೋಗ ಆಕ್ಕೈತಿ ಯಕ್ಕಾ. ಈಗ ಇದು ಅಮ್ಮನ ಹಾಲು. ಹೇಳಿದ ಮರುಗಳಿಗಿ ಬರೇ ರೋಗ. ಆ ಕೂಸುಗಳ ಬಾಯಿಗೆ ನಾ ಏನ್ ಹಾಕಿದಂಗಾತು?”

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಅದಕ್ಕೇ ಮರಗಮ್ಮ ಹೆಚ್ಚು ಒತ್ತಾಯ ಮಾಡಲಿಲ್ಲ. ಮಾಡಬೇಕಿತ್ತೋ ಏನೋ. ಪಕ್ಕದ ಮನೆಯವರ ಕಣ್ಣಿಗಾಗಿ ಎಷ್ಟು ದೂರ ಜಗಳವಾಡಬಹುದು ಎನ್ನುವುದು ಯಾರಿಗೆ ತಾನೇ ಗೊತ್ತಿರುತ್ತದೆ.

ಮುಂದಿನ ವರ್ಷದ ಗಣಪತಿ ಹಬ್ಬದ ಹೊತ್ತಿಗೆ ಸೀವುಡ್ಸ್ ಕಡೆಯಿಂದ ಕಾಂಚನಾ ಎಂಬ ಹುಡುಗಿ ಬಂದಳು. ಅಲ್ಲಿ ಏಳುತ್ತಿದ್ದ ಕಟ್ಟಡಗಳಲ್ಲಿ ಗಂಡ ಹೆಂಡತಿ ಇಬ್ಬರೂ ಇಟ್ಟಿಗೆ ಹೊರುವವರು, ವಿಜಯಪುರದ ಕಡೆಯವರು. ಚೊಚ್ಚಿಲ ಕೂಸು, ಹಾಲು ಹಿಡಿಯುತ್ತಿಲ್ಲ. ಎರಡು ಬಸ್ಸು ಬದಲಿಸಿ ಬಂದಿದ್ದಳು. ಕೂಸನ್ನು ಬಟ್ಟೆಯ ಮೇಲೆ ಮಲಗಿಸಿ ಅಡ್ಡ ಬಿದ್ದಳು. ಮಾನಮ್ಮ ಭಂಡಾರದ ಬಟ್ಟಲು ತರಲೆಂದು ಎದ್ದು ತಿರುಗಿದಳು.

ಕೂಸು ಮಲಗಿದ್ದು ಅವಳ ಎಡ ಬದಿಗೆ. ಕಾಲು ಅದರ ಪುಟ್ಟ ಕೈಯ ಮೇಲೆ ಬಿತ್ತು.

ಆ ಚೀತ್ಕಾರ ಪಕ್ಕದ ಮನೆಗಳಿಗೂ ಕೇಳಿತು. ಮರಗಮ್ಮ ಓಡಿ ಬಂದಾಗ ಮಾನಮ್ಮ ಬಟ್ಟಲು ಕೈಲಿ ಹಿಡಿದು, ಎಲ್ಲಿ ಹೆಜ್ಜೆ ಇಡಬೇಕೆಂದು ತಿಳಿಯದೆ, ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದಳು. ಕಾಂಚನಾ ಕೂಸನ್ನು ಎತ್ತಿ ಬೆರಳುಗಳನ್ನು ಊದುತ್ತಿದ್ದಳು. ಬೆರಳು ಕೆಂಪಾಗಿದ್ದವು, ಮುರಿದಿರಲಿಲ್ಲ.

“ತಪ್ಪಾತವ್ವಾ, ನಂಗ ಕಾಣ್ಲಿಲ್ಲ...”

“ಏ ಇರ್ಲಿ ಬಿಡ್ರಿ ಅಮ್ಮಾ,” ಎಂದಳು ಕಾಂಚನಾ. ಅವಳಿಗೆ ಹೆಚ್ಚೆಂದರೆ ಹದಿನೆಂಟು. “ನಿಮ್ಮ ಪಾದ ತಾಕಿದ್ದು ಚಲೋನೇ ಆತು. ಕೂಸಿಂದು ಏನರೆ ಇದ್ರ ಹೋಗೇ ಬಿಡ್ತೈತಿ.”

ಅಷ್ಟು ಹೇಳಿ, ಅಳುವ ಕೂಸಿನ ಕೈಯನ್ನೇ ಹಿಡಿದು ಮಾನಮ್ಮನ ಕಾಲಿಗೆ ಮುಟ್ಟಿಸಿದಳು.

ಅವಳು ಹೋದ ಮೇಲೆ ಮಾನಮ್ಮ ಜಗದ ಮುಂದೆ ಕೂತಳು. ಹಾಡಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಬಾಗಿಲಲ್ಲಿ ನಿಂತ ಮರಗಮ್ಮನಿಗೆ ಹೇಳಿದಳು: “ಬೈದಿದ್ರ ಚಲೋ ಇತ್ತು ಯಕ್ಕಾ. ನಾಳೆ ಠಾಣಾಕ ಹೋಗೂನು.”

ಪ್ರಣೀತಾಗೆ ಅವರ ಗುರುತು ಇತ್ತು. “ಓ, ಕೆಮ್ಮಿನ ಅಮ್ಮ!” ಎಂದು ಮರಗಮ್ಮನನ್ನು ನೋಡಿ ನಕ್ಕಳು. “ಬನ್ನಿ ಬನ್ನಿ. ಮಗು ಎಲ್ಲಿ? ಈಗ ಓಡಾಡ್ತಿರ್ಬೇಕು ಅಲ್ವಾ?”

ಮಾನಮ್ಮ ಕುರ್ಚಿಯ ತುದಿಯಲ್ಲಿ ಕೂತಿದ್ದಳು. “ಆ ಕೂಸು ಇಲ್ಲ, ಬಾಯಿ.”

ಪ್ರಣೀತಾಳ ಮುಖ ಇಳಿದುಹೋಯಿತು. ಮೇಜು ಸುತ್ತಿ ಬಂದು ಮಾನಮ್ಮನ ಹೆಗಲ ಮೇಲೆ ಕೈಯಿಟ್ಟಳು. “ಅಯ್ಯೋ ದೇವರೇ. ಎಂತ ಆಯ್ತು? ಯಾವಾಗ?”

ಮರಗಮ್ಮನಿಗೆ ತಿಳಿದಿತ್ತು, ಈ ಮಾತನ್ನೂ ಹೀಗೆಯೇ ಒಪ್ಪಿಕೊಂಡುಬಿಡಬಹುದು. ಕೂಸು ಜ್ವರ ಬಂದು ಹೋಯಿತು ಎಂದರೆ ಮುಗಿಯಿತು. ಅಳುವುದಕ್ಕೂ ಒಂದು ಕಾರಣ ಸಿಕ್ಕಂತಾಯಿತು. ಮಾನಮ್ಮ ಹೆಗಲ ಮೇಲಿನ ಕೈಯನ್ನು ತನ್ನ ಎರಡೂ ಕೈಯಿಂದ ಹಿಡಿದು, ನಿಧಾನವಾಗಿ ಕೆಳಗಿಳಿಸಿದಳು.

“ಹುಟ್ಟೇ ಇಲ್ಲ ಬಾಯಿ. ನಾ ಹಡಿಯೋ ಮೈಯಾಕಿ ಅಲ್ಲ. ಅಮ್ಮ ನಂಗ ಸೀರಿ ಉಡಿಸ್ಯಾಳ. ಹುಟ್ಟಿಸಿದ್ದು ಮಾತ್ರ... ಬ್ಯಾರೆ.”

ಪ್ರಣೀತಾ ಅವಳ ಮುಖ ನೋಡಿದಳು, ಕೊರಳಿನ ಮುತ್ತು ನೋಡಿದಳು, ಮರಗಮ್ಮನನ್ನು ನೋಡಿದಳು. ಮರಗಮ್ಮ ತಲೆಯಾಡಿಸಿದಳು. ಪ್ರಣೀತಾ ಏನೋ ಮರಾಠಿಯಲ್ಲಿ ಹೇಳಿಕೊಂಡು ಹೋಗಿ ತನ್ನ ಕುರ್ಚಿಯಲ್ಲಿ ಕೂತಳು. ಬೈಯಲಿಲ್ಲ. ಬೈದಿದ್ದರೆ ಮರಗಮ್ಮನಿಗೂ ಸ್ವಲ್ಪ ಹಗುರಾಗುತ್ತಿತ್ತು.

“ಆ ಹಳೇ ಫಿಲ್ಮ್ ಉಂಟಾ?”

ಇತ್ತು. ದೇವಿಯ ಜಗದ ಹಿಂದೆ ಇಟ್ಟಿದ್ದನ್ನು ಮಾನಮ್ಮ ತಂದಿದ್ದಳು, ಲಕೋಟೆಗೆಲ್ಲ ಭಂಡಾರ ಹತ್ತಿತ್ತು. ಅವತ್ತೇ ಇನ್ನೊಂದು ಸ್ಕ್ಯಾನ್ ಆಯಿತು, ದುಡ್ಡು ಬೇಡವೆಂದಳು ಪ್ರಣೀತಾ. ಎರಡನ್ನೂ ಅಕ್ಕಪಕ್ಕ ಸಿಕ್ಕಿಸಿ ಬಹಳ ಹೊತ್ತು ನೋಡಿದಳು. ಕೊನೆಗೆ ಹಳೆಯದರ ಮೇಲೆ ಬೆರಳಿಟ್ಟಳು.

“ಇದು ಅವತ್ತಿನದ್ದು. ಬಾಣಂತಿದು ಅಂತ ನೋಡಿದ್ರೆ ಇವತ್ತೂ ಇದು ಸರಿ ಉಂಟು. ಮೂವತ್ತು ವರ್ಷದ ಗಂ...” ಅವಳು ತಡೆದಳು. “ನಿಮ್ಮದು ಅಂತ ನೋಡಿದ್ರೆ ಸರಿ ಇಲ್ಲ. ಅವತ್ತೇ ಸರಿ ಇರ್ಲಿಲ್ಲ. ಇದು ಗಡ್ಡೆ. ಹಾಲು ಬರಿಸಿದ್ದೂ ಅದೇ, ಗಡ್ಡ ನಿಲ್ಲಿಸಿದ್ದೂ ಅದೇ. ಈಗ ನೋಡಿ, ಎಷ್ಟು ಮೇಲೆ ಬಂದಿದೆ. ಇದರ ಮೇಲೇ ಎರಡು ಕಣ್ಣಿನ ನರ ಸೇರುವ ಜಾಗ. ಕೆಳಗಿಂದ ದೂಡ್ತಾ ಉಂಟು.”

“ಅದಕ್ಕ ಬಾಜೂಕ ಕಾಣಂಗಿಲ್ಲೇನ್ರಿ?” ಮರಗಮ್ಮ ಕೇಳಿದಳು.

“ಹೌದು. ನಾನೇ ಇನ್ನೆರಡು ಮಾತು ಕೇಳ್ಬೇಕಿತ್ತು,” ಎಂದಳು ಪ್ರಣೀತಾ. “ಹೆರಿಗೆ ಯಾವ ಆಸ್ಪತ್ರೆಯಲ್ಲಿ ಅಂತ ಕೇಳಿದ್ರೂ ಸಾಕಿತ್ತು.”

“ಅದಕ್ಕೂ ಒಂದ್ ಹೇಳ್ತಿದ್ನಿ ಬಾಯಿ. ನಿಮ್ಮ ತಪ್ಪಿಲ್ಲ,” ಎಂದಳು ಮಾನಮ್ಮ.

ಅದೇ ಕಟ್ಟಡದ ಕೆಳಗಿದ್ದ ಕಣ್ಣಿನ ಡಾಕ್ಟರ ಹತ್ತಿರ ಪ್ರಣೀತಾಳೇ ಕರೆದುಕೊಂಡು ಹೋದಳು. ಅವರು ಕಣ್ಣ ಪಾಪೆಯೊಳಗೆ ಬೆಳಕು ಬಿಟ್ಟು ನೋಡಿ, ನರ ಬೆಳ್ಳಗಾಗಿದೆ, ಒಣಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಮೆಟ್ಟಿಲು ಹತ್ತುತ್ತ ಪ್ರಣೀತಾ ಅದನ್ನು ಕನ್ನಡದಲ್ಲಿ ಹೇಳಿದಳು. ಮುಂಬಯಿಯ ದೊಡ್ಡಾಸ್ಪತ್ರೆಗೆ ಬರೆದುಕೊಡುತ್ತೇನೆ, ಗಡ್ಡೆ ಕುಗ್ಗಿಸಲು ಗುಳಿಗೆ ಇದೆ, ಆಪರೇಶನ್ ಬೇಕೋ ಬೇಡವೋ ಅವರು ನೋಡುತ್ತಾರೆ ಎಂದಳು.

ಮಾನಮ್ಮ ಮೆಟ್ಟಿಲ ಮೇಲೆ ನಿಂತಳು. “ಗುಳಿಗಿ ತಗಂಡ್ರ ಕಣ್ಣು ಬರ್ತೈತಾ ಬಾಯಿ?”

“ಹೋದದ್ದು ಬರೋದು ಕಷ್ಟ. ಇದ್ದಷ್ಟು ಉಳೀಬಹುದು. ಉಳೀತದೆ ಅಂತ ನಾನು ಹೇಳೋದಿಲ್ಲ. ಗ್ಯಾರಂಟಿ ಇಲ್ಲ.”

“ಹಾಲು?”

ಪ್ರಣೀತಾ ಮೆಟ್ಟಿಲ ಕಂಬಿ ಹಿಡಿದುಕೊಂಡಳು. “ಹಾಲು ನಿಂತುಹೋಗ್ತದೆ. ಅದಕ್ಕೆ ಗ್ಯಾರಂಟಿ ಉಂಟು.”

ದೊಡ್ಡಾಸ್ಪತ್ರೆಯಲ್ಲಿ ಎಲ್ಲ ಹೆಸರನ್ನೂ ಕೂಗಿ ಕರೆಯುತ್ತಾರೆ. ಕಾರ್ಡಿನಲ್ಲಿದ್ದ ಹಳೆಯ ಹೆಸರು ಹಿಡಿದು “ಯಂಕಣ್ಣಾ!” ಎಂದು ಕೂಗಿದಾಗ ಮಾನಮ್ಮ ಏಳಲಿಲ್ಲ. ಎರಡನೆಯ ಸಲಕ್ಕೂ ಏಳಲಿಲ್ಲ. ಮೂರನೆಯ ಸಲ ಮರಗಮ್ಮ ಮೊಣಕೈಯಿಂದ ತಿವಿದಾಗ ಎದ್ದಳು. ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಬದಿಯಲ್ಲಿದ್ದವರು ಅವಳಿಗೆ ಕಾಣುತ್ತಿರಲಿಲ್ಲ, ಆದರೆ ನಗುವುದಕ್ಕೆ ಕಾಣಬೇಕೆಂದಿಲ್ಲವಲ್ಲ, ಕೇಳಿದರೆ ಸಾಕು. ಕೊಯ್ದರೂ ಕಣ್ಣಿಗೆ ಲಾಭವಿಲ್ಲ, ಗುಳಿಗೆ ನುಂಗಿಸಿ ನೋಡೋಣ ಎಂದರು ಅಲ್ಲಿಯ ಡಾಕ್ಟರು.

ಆ ಗುಳಿಗೆಯನ್ನು ಮಾನಮ್ಮ ಒಂದು ದಿನವೂ ತಪ್ಪಿಸಲಿಲ್ಲ. ನುಂಗಿದರೆ ವಾಂತಿ, ತಲೆ ಸುತ್ತು. ಆದರೂ ನುಂಗಿದಳು. ಕಾಂಚನಾಳ ಕೂಸು ಚೀರಿದ್ದು ಕಿವಿಯಿಂದ ಹೋಗುತ್ತಿಲ್ಲ ಎನ್ನುತ್ತಿದ್ದಳು. ಪ್ರಣೀತಾ ಹೇಳಿದ ಗ್ಯಾರಂಟಿ ಬೇಗನೇ ನಿಜವಾಯಿತು. ಮೊದಲು ಹಾಲು ತೆಳುವಾಯಿತು, ಆಮೇಲೆ ಹಿಂಡಿದರೂ ಬರಲಿಲ್ಲ. ಶುಕ್ರವಾರ ಬಂದವರಿಗೆ ಬರೀ ಭಂಡಾರ ಹಚ್ಚಿ ಕಳಿಸಿದಳು. ಬರುವವರು ಕಡಿಮೆಯಾದರು. ಅಮ್ಮ ಬಿಟ್ಟು ಹೋಗಿದ್ದಾಳಂತೆ ಎಂದು ನಲ್ಲಿಯ ಹತ್ತಿರ ಯಾರೋ ಪಿಸುಗುಟ್ಟಿದರು. ಅಮ್ಮ ಬಿಟ್ಟದ್ದಲ್ಲ, ಗುಳಿಗೆಯಿಂದ ಹೀಗಾಯಿತು ಎಂದು ಮರಗಮ್ಮ ಜಗಳ ಕಾದಳು. ಅದರಿಂದ ಇನ್ನೂ ಕೆಟ್ಟದಾಯಿತು. ಹಾಗಾದರೆ ಅದು ಮೊದಲಿನಿಂದಲೂ ರೋಗವೇ, ನಮ್ಮ ಕೂಸುಗಳ ಬಾಯಿಗೆ ಬಿದ್ದದ್ದು ಅದೇ ಎಂದು ಒಬ್ಬಳು ಮನೆ ಬಾಗಿಲಿಗೇ ಬಂದು ಮಣ್ಣು ತೂರಿ ಹೋದಳು.

ಕಣ್ಣು ಮಾತ್ರ ನಿಲ್ಲಲಿಲ್ಲ. ಗಡ್ಡೆ ಕುಗ್ಗಿದರೂ, ಒಣಗತೊಡಗಿದ್ದ ನರ ಒಣಗುತ್ತಲೇ ಹೋಯಿತು. ಬದಿಯಿಂದ ಬಂದ ಕತ್ತಲೆ ದಿನ ದಿನ ನಡುವಿಗೆ ಸರಿಯುತ್ತ ಬಂತು. ದೀಪಾವಳಿಗೆ ಹಣತೆ ಕಂಡಿತ್ತು. ಆಮೇಲೆ ಮುಖಗಳು ಹೋದವು, ಬಣ್ಣಗಳು ಹೋದವು. ಜಗ ಹೊತ್ತು ಓಣಿಗೆ ಹೋಗುವುದು ನಿಂತಿತು. ಎರಡು ಹೊತ್ತು ಮರಗಮ್ಮನ ಮನೆಯಿಂದಲೇ ರೊಟ್ಟಿ. ಸೈದಪ್ಪ ಮಾರ್ಕೆಟ್ಟಿನಿಂದ ಬಂದವನೇ, “ಜೋಗವ್ವಾ, ಉಂಡ್ರೇನು?” ಎಂದು ಹೊರಗಿನಿಂದಲೇ ಕೇಳಿ ಹೋಗುತ್ತಿದ್ದ. ತಮಾಷೆ ಮಾಡುವುದನ್ನು ಅವನು ಬಿಟ್ಟಿದ್ದ.

ಗುಳಿಗೆ ಇನ್ನೊಂದನ್ನೂ ಮಾಡಿತು. ಗಡ್ಡೆ ಕುಗ್ಗಿದಂತೆ ಮೈ ತನ್ನ ಹಳೆಯ ದಾರಿಗೆ ಮರಳಿತು, ಗಲ್ಲದ ಮೇಲೆ ಕೂದಲು ಒರಟಾಗಿ ಮೂಡತೊಡಗಿತು. ಮಾನಮ್ಮ ಅದನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡು ಎರಡು ದಿನ ಬಾಗಿಲು ತೆರೆಯಲಿಲ್ಲ. ಮೂರನೆಯ ದಿನ ಸಂಜೆ ಮರಗಮ್ಮ ಬಾಗಿಲು ತಟ್ಟಿ ತಟ್ಟಿ ತೆಗೆಸಿ ಒಳಗೆ ಬಂದಳು. ನೋಡಿದಳು. ಮನೆಗೆ ಹೋಗಿ ಚಿಮಟ ತಂದಳು.

“ಮಾರಿ ಮ್ಯಾಲ ಮಾಡು.”

“ಬ್ಯಾಡ ಯಕ್ಕಾ.”

“ಬ್ಯಾಡ ಅಂದ್ರ ಹ್ಯಾಂಗ? ನಾಳಿ ಶುಕ್ರವಾರ. ಅಮ್ಮನ ಮುಂದ ಹಿಂಗ ಕೂಡ್ತೇನು? ಮ್ಯಾಲ ಮಾಡು, ಬಲ್ಬಿನ ಕಡಿ.”

ಮಾನಮ್ಮ ಮುಖ ಎತ್ತಿದಳು. ಮರಗಮ್ಮ ಅವಳ ಗಲ್ಲ ಹಿಡಿದು ಒಂದೊಂದೇ ಕೂದಲು ಕೀಳತೊಡಗಿದಳು. ನೋವಾದರೂ ಮಾನಮ್ಮ ಕದಲಲಿಲ್ಲ. ಕಣ್ಣ ತುದಿಯಿಂದ ನೀರು ಇಳಿದು ಕಿವಿಯ ಹತ್ತಿರ ಹೋಯಿತು.

“ನಿನ್ನ ಸೊಂಟ ನೋಯ್ತೈತಿ, ಸಾಕು.”

“ನನ್ನ ಸೊಂಟದ ಚಿಂತಿ ನಿನಗ್ಯಾಕ? ಬಾಯಿ ಮುಚ್ಚಿ ಕೂಡು, ತುಟಿ ಹಾರ್ತದ.” ಅರ್ಧ ಮುಗಿದ ಮೇಲೆ ಮರಗಮ್ಮ ಕೈ ತಡೆದು, ಎಷ್ಟೋ ದಿನದಿಂದ ಕೇಳಬೇಕೆಂದಿದ್ದುದನ್ನು ಕೇಳಿದಳು. ದನಿ ತನಗೇ ಗೊತ್ತಿಲ್ಲದಂತೆ ಮೆತ್ತಗಾಗಿತ್ತು. “ಬಲ್ಬ್ ಎಷ್ಟ ಕಾಣ್ತದ ಮಾನವ್ವ?”

“ಕಾಣ್ತೈತಿ ಯಕ್ಕಾ,” ಎಂದಳು ಮಾನಮ್ಮ. “ಹಳದಿ, ದುಂಡಗ. ನಿನ್ನಿಗಿಂತ ಇವತ್ತು ಚಲೋ ಕಾಣ್ತೈತಿ.”

ಮರಗಮ್ಮ ಮತ್ತೆ ಚಿಮಟ ಹಿಡಿದಳು. ಅಷ್ಟರಲ್ಲಿ ಕರೆಂಟು ಹೋಯಿತು. ಎದುರು ಮನೆಯ ಕಿಟಕಿಯೂ ಕಪ್ಪಾಯಿತು, ಓಣಿಯ ಕಂಬದ ದೀಪವೂ ಇಲ್ಲ. ಬಾಗಿಲಿನಿಂದ ಬರುತ್ತಿದ್ದ ಸಂಜೆಯ ಕೊನೆಯ ಮಬ್ಬಿನಲ್ಲಿ ಮಾನಮ್ಮನ ಮುಖ ಇನ್ನೂ ಮೇಲಕ್ಕೇ ಇತ್ತು, ಬಲ್ಬಿನ ಕಡೆಗೆ, ಕಣ್ಣು ಅರಳಿಸಿಕೊಂಡು. ಒಂದು ಕ್ಷಣ ಕಳೆದ ಮೇಲೆ ಓಣಿಯ ಮಕ್ಕಳು “ಲೈಟ್ ಗೇಲೀ!” ಎಂದು ಕೂಗಿಕೊಂಡರು. ಆಗ ಅವಳು ಮುಖ ಇಳಿಸಿದಳು.

ಮರಗಮ್ಮ ಕತ್ತಲಲ್ಲೇ ಅವಳ ಗಲ್ಲವನ್ನು ಹಿಡಿದೆತ್ತಿ, ಬೆರಳಿನಿಂದ ತಡವಿ, ಸಿಕ್ಕಿದ ಒಂದು ಕೂದಲನ್ನು ಕಿತ್ತಳು.